ಬಿಳುಪು ಕಾಣದ ಕ್ರೀಮು

ಅಣ್ಣಿಗೇರಿ
18 ಮಾರ್ಚ್ 2025

ಪ್ರೀತಿಯ ಶೈಲಾ,

ನೀನೂ ನಿಮ್ಮ ಯಜಮಾನರೂ ಮಕ್ಕಳೂ ಆರಾಮಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಸಂಕ್ರಾಂತಿಗೇ ಬಂದಿತ್ತು, ಅದರ ಹಿಂದೆಯೇ ಕುಸುರೆಳ್ಳಿನ ಪೊಟ್ಟಣ. ಕುಸುರೆಳ್ಳು ಬಂದ ದಿನವೇ ಖಾಲಿಯಾಯಿತು, ಉತ್ತರ ಮಾತ್ರ ಈಗ ಬರುತ್ತಿದೆ. ತಿನ್ನುವುದಕ್ಕೆ ಚುರುಕು, ಬರೆಯುವುದಕ್ಕೆ ಸೋಮಾರಿ ಎಂದು ನೀನು ಶಾಲೆಯಲ್ಲೇ ನನಗೆ ಹೇಳಿದ್ದೆ, ಇನ್ನೊಮ್ಮೆ ಹೇಳು. ಅಳ್ನಾವರದಲ್ಲಿ ಇನ್ನೂ ಬೆಳಿಗ್ಗೆ ತಂಪಿರುತ್ತದೆ ಅಲ್ಲವೇ? ಇಲ್ಲಿ ಈಗಲೇ ಅಂಗಳದಲ್ಲಿ ಬರಿಗಾಲು ಇಡುವ ಹಾಗಿಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ನನ್ನ ಫೋನು ಹೆಸರಿಗಷ್ಟೇ ನನ್ನದು. ನಮ್ಮ ಹಿಟ್ಟಿನ ಗಿರಣಿಗೆ ಬೀಸಲು ಬರುವವರೆಲ್ಲ ಅದಕ್ಕೇ ಫೋನ್ ಮಾಡುತ್ತಾರೆ, ಬಂದ ಮೆಸೇಜನ್ನೆಲ್ಲ ಮಗಳು ಶಬನಮ್ ತೆರೆದು ನನಗೆ ಓದಿ ಹೇಳುತ್ತಾಳೆ. ಮೇಲಾಗಿ ನನ್ನ ನಾದಿನಿ ಜಮೀಲಾಬಿ ಆಪಾ ರಮಜಾನ್ ತಿಂಗಳು ಪೂರ್ತಿ ನಮ್ಮ ಮನೆಯಲ್ಲೇ ಇದ್ದಾಳೆ. ನಾನು ಈಗ ಬರೆಯುವುದು ಮಗಳ ಕಣ್ಣಿಗೂ ಬೀಳಬಾರದು, ಆಪಾಳ ಕಿವಿಗೂ ಬೀಳಬಾರದು.

ಶಬನಮ್ ಮಾತೇ. ಕಳೆದ ಮಳೆಗಾಲದಲ್ಲಿ ಅವಳ ಕೆನ್ನೆ ಕೆಂಪಗೆ ಎದ್ದು, ಬೆರಳಿನ ಗೆಣ್ಣುಗಳು ಬಾತು, ಹುಬ್ಬಳ್ಳಿಯ ಡಾಕ್ಟರಮ್ಮ ಲೂಪಸ್ ಎಂದು ಹೆಸರು ಹೇಳಿದ ದಿನ ಬಸ್ ನಿಲ್ದಾಣದಲ್ಲಿ ನಿಂತುಕೊಂಡು ನಿನಗೊಬ್ಬಳಿಗೇ ಫೋನ್ ಮಾಡಿದ್ದೆ. ಮೈ ತನ್ನ ಮೇಲೆ ತಾನೇ ಜಗಳಕ್ಕೆ ಬೀಳುವ ಬೇನೆ, ಬಿಸಿಲು ತಾಗಿದರೆ ಕೆರಳುತ್ತದೆ, ಕೈಬಿಟ್ಟರೆ ಕಿಡ್ನಿಯವರೆಗೆ ಹೋಗಬಹುದು ಎಂದಿದ್ದರು. ಗುಳಿಗೆಯಿಂದ ಈಗ ಹಿಡಿತದಲ್ಲಿದೆ. ಆದರೆ ನನ್ನ ಮಗಳು ಮಾಡುವ ಕೆಲಸವೋ, ಮೋಜಣಿ. ಹೊಲ ಅಳೆಯುವ ಲೈಸೆನ್ಸ್ ಸಿಕ್ಕಾಗ ಗಿರಣಿಯ ಮುಂದೆ ಪೇಢೆ ಹಂಚಿದವಳು ನಾನೇ. ಪೈರಿಲ್ಲದೆ ಹೊಲ ಖಾಲಿ ಇರುವ ಬೇಸಿಗೆಯಲ್ಲೇ ಅವಳಿಗೆ ಕೆಲಸ ಜಾಸ್ತಿ. ನವಲಗುಂದದ ಕಡೆಯ ಎರೆಹೊಲ ನೀನು ನೋಡಿದ್ದೀಯ, ಕಣ್ಣು ಹಾಯುವವರೆಗೂ ಒಂದು ಗಿಡವಿಲ್ಲ. ದುಪಟ್ಟಾ ಅಳತೆಯ ಯಂತ್ರದ ಕಾಲಿಗೆ ಸಿಕ್ಕಿಕೊಳ್ಳುತ್ತದೆಂದು ಅದನ್ನು ಸೊಂಟಕ್ಕೆ ಬಿಗಿದು, ತಲೆಗೆ ಟೋಪಿ ಇಟ್ಟುಕೊಂಡು ನಿಲ್ಲುತ್ತಾಳೆ.

ಕೆಲಸ ಬಿಡಿಸಿ ಎಂದು ಡಾಕ್ಟರಮ್ಮ ಹೇಳಲಿಲ್ಲ. ಬೆಳಿಗ್ಗೆ ಬೇಗ ಹೋಗು, ತುಂಬು ತೋಳು ತೊಡು, ಸನ್‌ಸ್ಕ್ರೀನ್ ಹಚ್ಚದೆ ಹೊಸ್ತಿಲು ದಾಟಬೇಡ ಎಂದರು. ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕಂತೆ, ಅದೂ ಧಾರಾಳವಾಗಿ. ನಾನು ಕ್ರೀಮೆಂದರೆ ಒಂದೇ ಎಂದುಕೊಂಡಿದ್ದೆ. ಅದರಲ್ಲಿ ಎರಡು ಜಾತಿ ಇವೆಯಂತೆ. ಒಂದು ಖನಿಜದ್ದು, ಅದರಲ್ಲಿ ಜಿಂಕ್ ಇರುತ್ತದೆ, ಚರ್ಮದ ಮೇಲೆ ಕೂತು ಬಿಸಿಲನ್ನು ತಡೆಯುತ್ತದೆ. ಇನ್ನೊಂದು ಕೆಮಿಕಲ್ಲಿನದು, ಚರ್ಮಕ್ಕೆ ಇಳಿದು ಬಿಸಿಲನ್ನು ಹೀರಿಕೊಳ್ಳುತ್ತದೆ. ಯಾವುದು ಬೇಕೋ ನೋಡಿ ಎಂದು ಚೀಟಿಯಲ್ಲಿ ಎರಡನ್ನೂ ಬರೆದುಕೊಟ್ಟರು. ಇದೇ ನನ್ನ ತಲೆ ತಿನ್ನುತ್ತಿದೆ.

ಜಿಂಕಿನದು ಬಿಳುಪು ಬಿಡುತ್ತದೆ ಶೈಲಾ. ಬೆಳ್ಳಗಿನವರಿಗೆ ಕಾಣದೇನೋ, ನನ್ನ ಮಗಳು ನನ್ನ ಬಣ್ಣದವಳು. ಹಚ್ಚಿಕೊಂಡು ಹೊರಗೆ ಬಂದರೆ ಹಿಟ್ಟು ಮೆತ್ತಿಕೊಂಡು ಗಿರಣಿಯಿಂದ ಎದ್ದು ಬಂದ ಅವಳಪ್ಪನೇ! ಮೊದಲ ದಿನ ಅಪ್ಪ ಮಗಳು ಎದುರುಬದುರು ನಿಂತಾಗ ನಾನು ನಕ್ಕುಬಿಟ್ಟೆ, ಆಮೇಲೆ ನಗು ಬರಲಿಲ್ಲ. ಕೆಮಿಕಲ್ಲಿನದು ಕಾಣುವುದೇ ಇಲ್ಲವಂತೆ. ಆದರೆ ಅದರ ಹೆಸರು ಕೇಳಿದ್ದೇ ಇವರು ಕೂಗಾಡಿದರು. "ಕೆಮಿಕಲ್ ಅಂದ್ರ ಏನಬೇ? ಹತ್ತಿಗೆ ಹೊಡಿಯೂ ಎಣ್ಣಿ ಅಲ್ಲೇನು? ಅದನ್ನ ಮಗಳ ಮಾರಿಗೆ ಹಚ್ಚಾಕ ಹೊಂಟೀಯೇನು?" ನೆತ್ತರಿನಲ್ಲಿ ಸೇರುತ್ತದೆಂದು ಯಾರೋ ಗಿರಣಿಗೆ ಬಂದವರು ಮೊಬೈಲಿನಲ್ಲಿ ತೋರಿಸಿದ್ದಾರೆ. ಡಾಕ್ಟರಮ್ಮನನ್ನು ಕೇಳಿದೆ. "ನೆತ್ತರಿನ್ಯಾಗ ಒಂದಿಷ್ಟ ಕಂಡೈತಿ ಅಂತಾರ್ರಿ, ಅದರಿಂದ ಕೇಡಾತು ಅಂತ ಇನ್ನೂ ಯಾರೂ ತೋರಿಸಿಲ್ಲ. ಬಿಸಲಿನಿಂದ ನಿಮ್ಮ ಮಗಳಿಗೆ ಆಗೂ ಕೇಡು ಮಾತ್ರ ನನ್ನ ಕಣ್ಣ ಮುಂದ ಐತಿ" ಎಂದರು. ಅಂದರೆ ಯಾವುದು ಹಚ್ಚಲಿ ಹೇಳು!

ಆಪಾಳದು ಇನ್ನೊಂದು ವರಸೆ. ಬೇನೆಯ ಮಾತು ಅವಳಿಗೆ ಹೇಳಿಲ್ಲ, ಬಂಗು ಬರಬಾರದೆಂದು ಕ್ರೀಮು ಹಚ್ಚುತ್ತಾಳೆ ಎಂದಿದ್ದೇನೆ. "ಮೈಯಾಗ ಇಳಿಯೂದು ಹಚ್ಚಿದ್ರ ರೋಜಾ ಮುರದಂಗ. ಮ್ಯಾಲೆ ಕೂಡೂದನ್ನ ಹಚ್ಚಲಿ" ಎಂದು ತೀರ್ಪು ಕೊಟ್ಟಳು. ಇಮಾಮ್ ಸಾಹೇಬರನ್ನು ಕೇಳಿಸಿದೆ, ಅವರು ನಕ್ಕು, ಚರ್ಮಕ್ಕೆ ಹಚ್ಚಿದ್ದಕ್ಕೆ ರೋಜಾ ಯಾಕೆ ಮುರಿಯುತ್ತದೆ ಎಂದರಂತೆ. ಆಪಾ ಒಪ್ಪಲಿಲ್ಲ. ಗುಳಿಗೆಯ ಸಲುವಾಗಿ ಈ ವರ್ಷ ರೋಜಾದ ಉಪವಾಸ ಬೇಡವೆಂದು ಡಾಕ್ಟರಮ್ಮ ಹೇಳಿದ್ದಾರೆ, ಹುಡುಗಿ ಹಿಡಿದೇ ಇಲ್ಲ, ಅದೂ ಆಪಾಗೆ ಗೊತ್ತಿಲ್ಲ. ಇಲ್ಲದ ರೋಜಾ ಮುರಿಯದ ಹಾಗೆ ಮುಖಕ್ಕೆ ಬಿಳಿ ಬಳಿದುಕೊಂಡು ಓಡಾಡುತ್ತಿದ್ದಾಳೆ ಪಾಪ.

ಇಷ್ಟೆಲ್ಲ ಮುಚ್ಚಿಡುವುದು ಯಾಕೆ ಎಂದು ನೀನು ಕೇಳುವ ಮುಂಚೆ ಹೇಳುತ್ತೇನೆ. ಯರಗುಪ್ಪಿಯಿಂದ ಸಂಬಂಧ ಬಂದಿದೆ. ಆಪಾಳೇ ತಂದದ್ದು. ಹುಡುಗ ದಾನೀಶ್ ಕುಂದಗೋಳದಲ್ಲಿ ಬೀಜದ ಅಂಗಡಿ ನೋಡಿಕೊಳ್ಳುತ್ತಾನೆ, ಒಳ್ಳೆಯ ಹುಡುಗ, ಮೋಜಣಿ ಕೆಲಸ ಬಿಡಬೇಕಿಲ್ಲ ಎಂದು ಅವನೇ ಹೇಳಿ ಕಳಿಸಿದ್ದಾನೆ. ತಂದೆ ಗುಲಾಮಹುಸೇನ, ತಾಯಿ ಖಾದರಬಿ. ಈದ್ ಮುಗಿದ ಮೇಲೆ ನೋಡಲು ಬರುತ್ತಾರೆ. ಬೇನೆಯ ಮಾತು ಅವರಿಗೆ ಹೇಳಬೇಕು, ಯಾವಾಗ ಹೇಳಬೇಕೆಂಬುದು ತಿಳಿಯದು. ಮೊದಲು ಹುಡುಗಿಯನ್ನು ನೋಡಲಿ, ಮನಸ್ಸಿಗೆ ಹಿಡಿಸಲಿ ಎಂದು ನನ್ನ ಆಸೆ. ಬಿಳಿ ಮುಖ ನೋಡಿದರೆ ಮೊದಲ ಪ್ರಶ್ನೆಯೇ ಅದಾಗುತ್ತದೆ.

ನಿಮ್ಮದು ಮೆಡಿಕಲ್ ಅಂಗಡಿ, ದಿನಾ ನೂರು ಜನ ಬಂದು ಕೇಳುತ್ತಾರೆ. ನಿಮ್ಮ ಯಜಮಾನರನ್ನು ವಿಚಾರಿಸಿ ಬರೆ. ಅವಳ ಮೈಯನ್ನೂ ಕಾಯಬೇಕು, ಕಣ್ಣಿಗೂ ಕಾಣಬಾರದು, ಅಂಥದ್ದು ಯಾವುದಾದರೂ ಇದೆಯೇ? ನನಗೆ ಹಗಲೆಲ್ಲ ಇದೇ ಯೋಚನೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಒಂದು ಜಂಪರಿನ ತೋಳು ಇನ್ನೊಂದಕ್ಕೆ ಹಚ್ಚಿ ಬಿಡುತ್ತೇನೆ.

ಮಕ್ಕಳ ತಲೆಯ ಮೇಲೆ ನನ್ನ ಕೈ ಇಟ್ಟಿದ್ದೇನೆಂದು ಹೇಳು. ನಿಮ್ಮ ಯಜಮಾನರಿಗೆ ಸಲಾಂ.

ನಿನ್ನ
ಮುಮತಾಜ್

ತಾ.ಕ.: ಉತ್ತರವನ್ನು ಗಿರಣಿಯ ವಿಳಾಸಕ್ಕೆ ಬರೆ. ಮನೆಗೆ ಬಂದರೆ ಆಪಾ ಕವರು ಬಿಚ್ಚಿದ ಮೇಲೆಯೇ ನನಗೆ ಕೊಡುತ್ತಾಳೆ.


ಅಣ್ಣಿಗೇರಿ
22 ಏಪ್ರಿಲ್ 2025

ಪ್ರೀತಿಯ ಶೈಲಾ,

ನಿನ್ನ ಡಬ್ಬಿ ಈದ್‌ಗೆ ಮುಂಚೆಯೇ ಮುಟ್ಟಿತು. ಮುಟ್ಟಿತೆಂದು ಎರಡು ಸಾಲು ಬರೆಯಲೂ ಆಗಲಿಲ್ಲ, ಕ್ಷಮಿಸು. ಹಬ್ಬದ ಶೀರಖುರ್ಮಾ ಪಾಯಸ ಕಳಿಸಲು ಆಗುವ ಹಾಗಿದ್ದರೆ ಮೊದಲು ನಿನಗೇ ಕಳಿಸುತ್ತಿದ್ದೆ.

ಮೂರು ಟ್ಯೂಬು, ಮೂರಕ್ಕೂ ನಿನ್ನ ಕೈಬರಹದ ಚೀಟಿ. ನಿಮ್ಮ ಯಜಮಾನರು ಹೇಳಿದ್ದನ್ನು ನೀನು ಬರೆದಿದ್ದು ಓದಿ ಓದಿ ಬಾಯಿಪಾಠವಾಗಿದೆ. ಎರಡೂ ಜಾತಿ ಕೆಲಸ ಮಾಡುತ್ತವೆ, ಯಾವುದನ್ನು ಹುಡುಗಿ ಬೇಸರವಿಲ್ಲದೆ ದಿನಾ ದಪ್ಪಗೆ ಹಚ್ಚಿಕೊಳ್ಳುತ್ತಾಳೋ ಅದೇ ಅವಳಿಗೆ ಸರಿ ಎಂದು. ಅಷ್ಟು ಸರಳವಾಗಿದ್ದರೆ ನಾನು ಯಾಕೆ ಹೀಗಿರುತ್ತಿದ್ದೆ?

ಬಣ್ಣ ಬೆರೆಸಿದ ಜಿಂಕಿನದನ್ನು ಮೊದಲು ಹಚ್ಚಿ ನೋಡಿದೆವು. ಚರ್ಮದ ಬಣ್ಣ ಎಂದು ಮೇಲೆ ಬರೆದಿದ್ದಾರೆ. ಯಾರ ಚರ್ಮವೋ! ನಮ್ಮ ಹುಡುಗಿಯ ಮುಖ ಕಾಮಾಲೆ ಆದವರ ಹಾಗೆ ಕಂಡಿತು. "ಅಮ್ಮಿ, ಇದಕ್ಕಿಂತ ಅಬ್ಬಾನ ಜ್ವಾಳದ ಹಿಟ್ಟ ಬಡಕೊಂಡು ಹೋಗತೀನಿ" ಎಂದು ತೊಳೆದುಬಿಟ್ಟಳು. ಆಮೇಲೆ ಕೆಮಿಕಲ್ಲಿನದು. ಶೈಲಾ, ಅದನ್ನು ಹಚ್ಚಿದಾಗ ನನ್ನ ಎದೆ ಹಗುರಾಯಿತು. ನೀರಿನ ಹಾಗೆ ಇಳಿದುಹೋಯಿತು, ನನ್ನ ಮಗಳ ಮುಖ ನನ್ನ ಮಗಳ ಮುಖವಾಗಿಯೇ ಇತ್ತು. ಇವರು ಮೂಸಿ ನೋಡಿ, "ಎಣ್ಣಿ ವಾಸನಿ ಇಲ್ಲ ಬಿಡು" ಎಂದು ಒಪ್ಪಿದರು. ಮುಗಿಯಿತು ನನ್ನ ಕಷ್ಟ ಎಂದುಕೊಂಡೆ.

ಆ ಸಂತೋಷ ಒಂದು ವಾರವೂ ಉಳಿಯಲಿಲ್ಲ. ಹೊಲದಲ್ಲಿ ಬೆವರಿಗೆ ಕ್ರೀಮು ಕರಗಿ ಕಣ್ಣಿಗೆ ಇಳಿಯಿತಂತೆ. ಯಂತ್ರದ ಪರದೆ ನೋಡಲಾಗದೆ ಕಣ್ಣು ಉಜ್ಜಿಕೊಂಡು, ಎರಡು ಮನೆತನದ ಜನ ಬದುವಿನ ಮೇಲೆ ಕಾಯುತ್ತ ನಿಂತಿರುವಾಗಲೇ ಇವಳು ಟ್ಯಾಂಕಿನ ನೀರಿನಿಂದ ಮುಖ ತೊಳೆದುಕೊಂಡಿದ್ದಾಳೆ. ತೊಳೆದ ಮೇಲೆ ಬಿಸಿಲು ಬಿಡುತ್ತದೆಯೇ? ಸಂಜೆ ಬಂದಾಗ ಹಳೆಯ ಕಲೆಗಳಿದ್ದಲ್ಲೆಲ್ಲ ಉರಿ. ಡಾಕ್ಟರಮ್ಮ ಫೋಟೋ ತರಿಸಿಕೊಂಡು ನೋಡಿ, ಕೆಮಿಕಲ್ಲಿನಲ್ಲೂ ಬೇರೆ ಬೇರೆ ಬಗೆ ಇವೆ, ಮುಂದೆ ಇನ್ನೊಂದನ್ನು ನೋಡೋಣ, ಸದ್ಯ ಚರ್ಮ ತಣಿಯಲಿ, ಜಿಂಕೇ ಇರಲಿ ಎಂದರು. ಮತ್ತೆ ಬಿಳಿ ಮುಖ.

ಆಗ ಆದದ್ದು ಕೇಳು. ನವಲಗುಂದದ ಹತ್ತಿರ ಒಂದು ಹೊಲ ಅಳೆಯಲು ಹೋಗಿದ್ದಳು. ಹೊಲದವರ ಮನೆಯ ದುರ್ಗವ್ವ ಎಂಬಾಕೆ ಮಜ್ಜಿಗೆ ತಂದಿದ್ದಾಳೆ. ಬೆವರು ಹರಿದು ಕ್ರೀಮು ಅಲ್ಲಲ್ಲಿ ಹೋಗಿ ಅಲ್ಲಲ್ಲಿ ನಿಂತಿತ್ತಂತೆ, ಹಣೆಯಂಚಿಗೆ, ಕಿವಿಯ ಬುಡಕ್ಕೆ. ಆಕೆ ತಂಬಿಗೆ ಕೊಡುವ ಕೈ ಹಾಗೇ ಹಿಡಿದು, "ಯವ್ವಾ, ಇದು ಯಾವಾಗಿನಿಂದ ಬಂದೈತಿ ನಿನಗ? ನಮ್ಮ ಅಕ್ಕನ ಮಗಳಿಗೂ ಹಿಂಗ ಕಿವಿ ಬುಡಕ ಶುರು ಆಗಿತ್ತು" ಎಂದಳಂತೆ. ಶಬನಮ್ ನಗುತ್ತ, ಇದು ಕ್ರೀಮು ಎಂದಳಂತೆ. ಆಕೆ ನಂಬಲಿಲ್ಲ. "ಮುಚ್ಚಿಕೊಳ್ಳಾಕ ಹಂಗ ಅಂತಾರವಾ, ನಮ್ಮಾಕೀನೂ ಹಂಗ ಅಂತಿದ್ಲು" ಎಂದು ಅವಳ ಕೈ ಸವರಿದಳಂತೆ. ಹೊಟ್ಟೆಕಿಚ್ಚಿನ ಹೆಂಗಸಲ್ಲ, ಮರುಕಪಟ್ಟೇ ಹೇಳಿದ್ದು. ಆ ಮರುಕವೇ ಬಸ್ಸು ಹತ್ತಿ ಅಣ್ಣಿಗೇರಿ ಸಂತೆಗೆ ಬಂತು, ಅಲ್ಲಿಂದ ಕುಂದಗೋಳಕ್ಕೆ ಹೋಯಿತು. ಮೋಜಣಿ ಮೇಡಮ್‌ಗೆ ತೊನ್ನು ಇದೆಯಂತೆ.

ಆಪಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. "ನನ್ನ ಮಾರಿಗೆ ಮಸಿ ಬಳದಿ ಮುಮತಾಜ್. ಖಾದರಬಿ ಫೋನ್ ಮಾಡಿ ಕೇಳಾಕತ್ತಾಳ, ಹುಡುಗಿಗೆ ಬಿಳಿ ಮಚ್ಚಿ ಅದಾವಂತ ಹೌದೇನು ಅಂತ. ಏನ ಹೇಳ್ಲಿ?" ಕ್ರೀಮು ಎಂದು ಆಣೆ ಮಾಡಿದೆ. "ಆಣಿ ಯಾರಿಗೆ ಬೇಕು, ಬಂದು ನೋಡತಾರಂತ" ಎಂದಳು.

ಕಳೆದ ಭಾನುವಾರ ಯರಗುಪ್ಪಿಯವರು ಬಂದರು. ಮಧ್ಯಾಹ್ನ ಬರುತ್ತೇವೆಂದವರು ಹನ್ನೊಂದಕ್ಕೇ ಬಂದುಬಿಟ್ಟರು. ಶಬನಮ್ ಬೆಳಗಿನ ಕೆಲಸ ಮುಗಿಸಿ ಆಗಷ್ಟೇ ಗಾಡಿ ನಿಲ್ಲಿಸಿದ್ದಳು, ಮುಖ ತೊಳೆದುಕೋ ಎಂದು ನಾನು ಕಣ್ಣಿನಲ್ಲೇ ಹೇಳುವಷ್ಟರಲ್ಲಿ ಖಾದರಬಿ ಅವಳ ಕೈ ಹಿಡಿದು ಬಾಜುಕ್ಕೆ ಕೂರಿಸಿಕೊಂಡಳು. ಮಾತು ಕಡಿಮೆಯ ಹೆಂಗಸು. ಶರಬತ್ತು ಕುಡಿದು ಲೋಟ ಕೆಳಗಿಟ್ಟಳು. "ಸಿಟ್ಟ ಆಗಬ್ಯಾಡ ಮಗಳ" ಎಂದು ಸೆರಗಿನ ತುದಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿ, ನಮ್ಮೆಲ್ಲರ ಮುಂದೆ ನನ್ನ ಮಗಳ ಕೆನ್ನೆ ಒರೆಸಿದಳು. ಆಮೇಲೆ ಹಣೆ. ಆಮೇಲೆ ಕಿವಿಯ ಬುಡ. ಶಬನಮ್ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ತೊನ್ನು ಇದ್ದರೆ ತಾನೇ ಸಿಗುವುದು ಎಂದು ನನಗೆ ಗೊತ್ತಿತ್ತು, ಆದರೂ ಹೆದರಿಕೊಂಡಿದ್ದೆ.

ಸೆರಗು ಬೆಳ್ಳಗಾಯಿತು, ಮೊದಲಿನ ಉರಿಯೂ ಅಷ್ಟರಲ್ಲಿ ಇಳಿದು ಕೆಳಗೆ ನನ್ನ ಮಗಳ ಚರ್ಮ ಚೊಕ್ಕವಾಗಿತ್ತು. ಖಾದರಬಿ ಸೆರಗನ್ನು ಎತ್ತಿ ಗುಲಾಮಹುಸೇನರಿಗೆ ತೋರಿಸಿದಳು. ಎಲ್ಲರೂ ನಕ್ಕರು. ಆಪಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಇವರೂ ನಕ್ಕರು, ನಾನೂ ನಕ್ಕೆ. "ಇಷ್ಟ ಚಲೋ ಮಾರಿಗೆ ಸುಣ್ಣ ಯಾಕ ಬಡಕೊತೀ ಹುಚ್ಚಿ? ಇವತ್ತಿಂದ ಬ್ಯಾಡ ನೋಡ. ಎರಿ ಹೊಲದ ಮನಿಗೆ ಬರಾಕಿ ಬಿಸಲಿಗೆ ಹೆದರಿದ್ರ ಹೆಂಗ?" ಎಂದು ತನ್ನ ಕೈಯಾರೆ ಅವಳ ಬಾಯಿಗೆ ಸಕ್ಕರೆ ಹಾಕಿದಳು. ಬೆರಳಿಗೆ ಉಂಗುರವನ್ನೂ ತೊಡಿಸಿದಳು. ಅಷ್ಟು ಸುಲಭವಾಗಿ ಎಲ್ಲ ಆಗಿಹೋಯಿತು.

ಶಬನಮ್ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಮಣಿಕಟ್ಟು ಒತ್ತಿದೆ. ಅವಳು ಸಕ್ಕರೆ ನುಂಗಿದಳು.

ಈಗ ನಾನೇನು ಮಾಡಲಿ ಹೇಳು. ಇಲ್ಲದ ತೊನ್ನು ಇಲ್ಲವೆಂದು ಸಾಬೀತಾಯಿತು, ಇರುವ ಬೇನೆ ಹಾಗೇ ಉಳಿಯಿತು. ಹೇಳಬೇಕು, ಖಂಡಿತ ಹೇಳಬೇಕು, ಇವರೂ ಹಾಗೇ ಎನ್ನುತ್ತಾರೆ. ನಾಳೆ ನಾಳೆ ಎಂದು ನಾನೇ ತಳ್ಳುತ್ತಿದ್ದೇನೆ. ಎಷ್ಟು ದಿನದ ಮೇಲೆ ನಮ್ಮ ಮನೆಯಲ್ಲಿ ನಗು ಕಂಡಿತ್ತು, ಅದನ್ನು ಕೆಡಿಸಲು ಮನಸ್ಸು ಬರುತ್ತಿಲ್ಲ. ಅಲ್ಲಿಯವರೆಗೆ ಬಿಳುಪು ಕಾಣದ, ಕಣ್ಣು ಉರಿಯದ ಬೇರೆ ಯಾವುದಾದರೂ ಕೆಮಿಕಲ್ಲಿನದು ನಿಮ್ಮ ಅಂಗಡಿಯಲ್ಲಿದ್ದರೆ ಕಳಿಸು. ಡಾಕ್ಟರಮ್ಮನಿಗೆ ತೋರಿಸಿಯೇ ಹಚ್ಚುತ್ತೇವೆ.

ನಿನ್ನ ದೊಡ್ಡ ಮಗನ ಪರೀಕ್ಷೆ ಹೇಗಾಯಿತು? ದೇವರು ಅವನಿಗೆ ನೆನಪಿನ ಶಕ್ತಿ ಕೊಡಲಿ. ನಿನ್ನ ಮಂಡಿನೋವಿಗೆ ಗುಳಿಗೆ ನುಂಗು, ಮೆಡಿಕಲ್ ಅಂಗಡಿಯವಳು ಎಣ್ಣೆ ತಿಕ್ಕುತ್ತ ಕೂತರೆ ಜನ ನಗುತ್ತಾರೆ.

ನಿನ್ನ
ಮುಮತಾಜ್


ಅಣ್ಣಿಗೇರಿ
28 ಮೇ 2025

ಪ್ರೀತಿಯ ಶೈಲಾ,

ನೀನು ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ಗಿರಣಿಯ ಗದ್ದಲ ಎಂದು ಇಟ್ಟುಬಿಟ್ಟೆ. ಗಿರಣಿ ಆಗ ನಿಂತಿತ್ತು. ಬಾಯಿ ತೆರೆದರೆ ಅಳು ಬರುವುದಿತ್ತು, ಅದಕ್ಕೇ. ಕೋಪ ಮಾಡಿಕೊಳ್ಳದೆ ಓದು.

ಈ ತಿಂಗಳ ಮೊದಲ ವಾರ ಶಬನಮ್‌ಗೆ ಮತ್ತೆ ಎದ್ದವು. ಕೆನ್ನೆಯ ಮೇಲೆ ಅಲ್ಲ, ಕತ್ತಿನ ಹಿಂದೆ, ಕೂದಲ ಕೆಳಗೆ, ಕೆಂಪಗೆ ಬಿಲ್ಲೆ ಬಿಲ್ಲೆ. ಗೆಣ್ಣುಗಳು ಮತ್ತೆ ಬಿಗಿದವು, ಬೆಳಿಗ್ಗೆ ಚಹಾದ ಲೋಟ ಹಿಡಿಯಲು ಎರಡು ಕೈ ಬೇಕಾದವು. ಹುಬ್ಬಳ್ಳಿಗೆ ಓಡಿದೆವು. ಡಾಕ್ಟರಮ್ಮ ತಿರುಗಿಸಿ ತಿರುಗಿಸಿ ನೋಡಿದರು. "ಮಾರಿ ಚಲೋ ಐತಿ. ಕುತ್ತಿಗಿ ಹಿಂದಷ್ಟ ಯಾಕ? ಅಲ್ಲಿ ಹಚ್ಚೂದಿಲ್ಲೇನು?" ಎಂದರು. "ದಿನಾ ಹಚ್ಚತೇವ್ರಿ, ನಾನ ನಿಂತು ಹಚ್ಚತೀನ್ರಿ" ಎಂದೆ. ಶಬನಮ್ ನೆಲ ನೋಡುತ್ತಿದ್ದಳು. ಮೂತ್ರ ಪರೀಕ್ಷೆ ಮಾಡಿಸಿದರು. ಅದರ ರಿಪೋರ್ಟು ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿದ್ದು ನನಗೆ ಬೇಡ, ಯಾರಿಗೂ ಬೇಡ. ಕಿಡ್ನಿಗೆ ಇನ್ನೂ ಏನೂ ಆಗಿಲ್ಲ, ಗುಳಿಗೆ ಹೆಚ್ಚಿಸಿದ್ದಾರೆ, ಮುಂದಿನ ತಿಂಗಳು ಮತ್ತೆ ನೋಡಬೇಕಂತೆ.

ಮರಳಿ ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತು ಹೇಳಿದ್ದು. "ಅಮ್ಮಿ, ಯರಗುಪ್ಪಿಯವರಿಗೆ ನೀ ಹೇಳತಿ ಏನು, ನಾ ಹೇಳಲೇನು?" ಈ ಗುರುವಾರ ನಾನೇ ಹೋಗಿ ಹೇಳುತ್ತೇನೆ ಎಂದೆ. ಗುರುವಾರ ಬಂತು, ಮದುವೆ ಜಂಪರುಗಳ ಅವಸರ ಎಂದು ಹೋಗಲಿಲ್ಲ. ಅವಸರವೇನೂ ಇರಲಿಲ್ಲ.

ಅದಾದ ಮೇಲೆ ಅವಳು ನನ್ನನ್ನು ಕೇಳಲಿಲ್ಲ. ಯರಗುಪ್ಪಿಯ ಹತ್ತಿರವೇ ಒಂದು ಹೊಲದ ಕೆಲಸ ಬಂದಿತ್ತು. ಬೆಳಿಗ್ಗೆ ಕೆಲಸ ಮುಗಿಸಿ, ಮತ್ತೊಮ್ಮೆ ಜಿಂಕಿನ ಕ್ರೀಮು ಮುಖಕ್ಕೆ ದಪ್ಪಗೆ ಹಚ್ಚಿಕೊಂಡು, ನೆಟ್ಟಗೆ ಖಾದರಬಿಯ ಮನೆಗೆ ಹೋಗಿದ್ದಾಳೆ. ಆಕೆ ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳಂತೆ. ಇವಳ ಮುಖ ನೋಡಿ, "ಮತ್ತ ಸುಣ್ಣ ಬಡಕೊಂಡಿ?" ಎಂದು ನಗುತ್ತ ಎದ್ದಳಂತೆ.

"ಖಾಲಾ, ಸೆರಗ ತಗೀಬ್ಯಾಡ್ರಿ. ಇದು ಸುಣ್ಣ ಅಲ್ರಿ, ಔಷಧ. ಇದನ್ನ ನಾ ಸಾಯೂ ತನಾ ಹಚ್ಚಬೇಕ್ರಿ" ಎಂದು ಶಬನಮ್ ಬಾಗಿಲಲ್ಲೇ ನಿಂತು ಹೇಳಿದಳಂತೆ. ಎಲ್ಲ ಹೇಳಿದಳು. ಬೇನೆಯ ಹೆಸರು, ಗುಳಿಗೆ, ಕಿಡ್ನಿ, ಮಕ್ಕಳಾಗಬೇಕಾದರೆ ಡಾಕ್ಟರನ್ನು ಮೊದಲೇ ಕೇಳಬೇಕಾದದ್ದು. ಸಂಜೆ ಅವಳು ಇದನ್ನು ನಮಗೆ ಹೇಳುವಾಗ ಒಂದು ಮಾತನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಖಾದರಬಿ ಕೇಳಿದ್ದು ಎರಡೇ ಮಾತಂತೆ.

"ನಿಮ್ಮವ್ವಗ ಗೊತ್ತೈತೇನು?"

"ಗೊತ್ತೈತ್ರಿ."

"ಅವತ್ತ ನಾ ನಿನ್ನ ಮಾರಿ ಒರಸೂ ಮುಂದ ಬಾಜುಕ ಕುಂತಿದ್ಲಲ್ಲ, ಆವಾಗನೂ ಗೊತ್ತಿತ್ತೇನು?"

"ಗೊತ್ತಿತ್ರಿ."

ಆಮೇಲೆ ಆಕೆ ಮೆಣಸಿನಕಾಯಿಯ ಮೊರ ಬದಿಗೆ ಸರಿಸಿದಳಂತೆ. ಬೈಯಲಿಲ್ಲ. ಕೈ ತೊಳೆದು ರೊಟ್ಟಿ ಪಲ್ಯ ಹಾಕಿ, ಉಂಡು ಹೋಗು ಎಂದಳು. "ತೊನ್ನ ಆಗಿದ್ರ ಕಣ್ಣಿಗೆ ಕಾಣತಿತ್ತವಾ, ನಾ ಗಟ್ಟಿ ಮನಸ ಮಾಡತಿದ್ದೆ. ಇದು ಒಳಗಿಂದು. ನನಗ ಒಬ್ಬನ ಮಗ" ಎಂದಳು. ಹೊರಡುವಾಗ ಗಾಡಿಯವರೆಗೆ ತನ್ನ ಕೊಡೆ ಹಿಡಿದುಕೊಂಡು ಬಂದು, "ನೀ ಬಂದು ಹೇಳಿದ್ದು ಚಲೋ ಮಾಡಿದಿ ಮಗಳ" ಎಂದಳಂತೆ. ಆ ಹೆಂಗಸಿನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ ಶೈಲಾ, ಆಗುತ್ತಿಲ್ಲ.

ನಾಲ್ಕು ದಿನ ಬಿಟ್ಟು ಗುಲಾಮಹುಸೇನರು ಗಿರಣಿಗೆ ಬಂದು, ಒಂದು ಕಪ್ ಚಹಾ ಕುಡಿದು, "ಸದ್ಯ ತಾರೀಖ ಬ್ಯಾಡ್ರಿ, ಮುಂದ ನೋಡೂಣು" ಎಂದು ಹೋದರು. ಉಂಗುರ ಕೇಳಲಿಲ್ಲ, ಇಟ್ಟುಕೊಳ್ಳಿ ಎಂದೂ ಹೇಳಲಿಲ್ಲ. ಶಬನಮ್ ಅದನ್ನು ಬಿಚ್ಚಿ ಕಪಾಟಿನಲ್ಲಿ ಇಟ್ಟಿದ್ದಾಳೆ. ದಾನೀಶ್ ಒಂದೆರಡು ಸಲ ಅವಳಿಗೆ ಫೋನ್ ಮಾಡಿದ್ದು ಗೊತ್ತು, ಏನು ಮಾತಾಡಿದರೆಂದು ನಾನು ಕೇಳಿಲ್ಲ. ಕೇಳುವ ಬಾಯಿ ನನಗಿಲ್ಲ. ಆಪಾ ಈ ಕಡೆ ಹಾಯುವುದನ್ನೇ ಬಿಟ್ಟಿದ್ದಾಳೆ. ನಾನೂ ನನ್ನ ಮನೆಯಲ್ಲಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಾಡುತ್ತೇನೆ.

ಹುಡುಗಿ ಮಾತ್ರ ದಿನಾ ಕೆಲಸಕ್ಕೆ ಹೋಗುತ್ತಾಳೆ. ಈಗ ನಸುಕಿನಲ್ಲೇ ಹೊರಟು ಹತ್ತರೊಳಗೆ ಮುಗಿಸುತ್ತಾಳೆ. ಮುಖ ಗೋಡೆಯ ಹಾಗೆ ಬೆಳ್ಳಗೆ ಮಾಡಿಕೊಂಡೇ ಸಂತೆಯ ನಡುವೆ ಗಾಡಿ ಓಡಿಸುತ್ತಾಳೆ. ಜನ ನೋಡುತ್ತಾರೆ, ಅವಳು ಯಾರನ್ನೂ ನೋಡುವುದಿಲ್ಲ. ಮೊನ್ನೆ ಯಾರೋ ಕೇಳಿದ್ದಕ್ಕೆ, "ಬಿಸಲಿಗೆ ನನ್ನ ಮ್ಯಾಲೆ ಸಿಟ್ಟ ಐತ್ರಿ" ಎಂದು ಹೇಳಿ ಹೋದಳಂತೆ. ನಮ್ಮ ಓಣಿಯ ಅರುಣಾ ಬಂದು ಹೇಳಿದಳು.

ಇನ್ನು ಆ ಕಾಣದ ಕ್ರೀಮು ಕಳಿಸುವುದು ಬೇಡ. ಜಿಂಕಿನದೇ ಎರಡು ಟ್ಯೂಬು ಕಳಿಸು, ಅವಳಿಗೆ ಅದೇ ಹಿಡಿಸಿದೆ. ಬಣ್ಣ ಬೆರೆಸದ್ದು, ಬೆಳ್ಳಗೆ ಕಾಣುವಂಥದ್ದೇ. ಮಳೆಗಾಲದಲ್ಲೂ ಹಚ್ಚಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ, ಬೇಗ ಖಾಲಿಯಾಗುತ್ತದೆ.

ನಿನ್ನ ಮಗ ಪಾಸಾದ ಸುದ್ದಿ ಕೇಳಿ ನಿಜಕ್ಕೂ ಸಂತೋಷವಾಯಿತು. ಅವನ ಕೈಗೆ ಒಳ್ಳೆಯ ಕೆಲಸ ಸಿಗಲಿ, ನಿನ್ನ ಮನೆಯ ದೀಪ ಉರಿಯುತ್ತಿರಲಿ. ನನ್ನ ಮಗಳ ಸಲುವಾಗಿ ನಿನ್ನ ದೇವರ ಮುಂದೆ ಒಂದು ಮಾತು ಹೇಳು. ನಾನು ದಿನಾ ಐದು ಹೊತ್ತೂ ಹೇಳುತ್ತಿದ್ದೇನೆ.

ನಿನ್ನ
ಮುಮತಾಜ್

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಒಂದು ಮಾತು ಬರೆಯದೆ ಬಿಟ್ಟಿದ್ದೆ. ಕತ್ತಿನ ಹಿಂದೆ ಅವಳ ಕಣ್ಣಿಗೆ ಕಾಣುವುದಿಲ್ಲ ಶೈಲಾ, ಅಲ್ಲಿ ನಾನೇ ಹಚ್ಚುತ್ತಿದ್ದೆ. ಹುಬ್ಬಳ್ಳಿಯಿಂದ ಬಂದ ಮರುದಿನದಿಂದ ಅವಳು ಟ್ಯೂಬು ಹಿಡಿದುಕೊಂಡು ಅರುಣಾಳ ಮನೆಗೆ ಹೋಗಿ ಹಚ್ಚಿಸಿಕೊಂಡು ಬರುತ್ತಾಳೆ. ನಿನ್ನೆ ಬಾಗಿಲಿಗೆ ಅಡ್ಡ ನಿಂತು, ನಾನು ಸತ್ತಿದ್ದೇನೆಯೇ, ಮಂದಿಯ ಮನೆಗೆ ಯಾಕೆ ಹೋಗುತ್ತೀ ಎಂದು ಕೇಳಿದೆ. ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದಳು: "ಅಮ್ಮಿ, ನೀ ಹಚ್ಚೂ ಮುಂದನ ಒರಸತಿ." ಬಿಳುಪು ಕಾಣದಿರಲೆಂದು ದಿನಾ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ, ಕೊನೆಗೆ ನನ್ನ ಸೆರಗಿನಿಂದ ಒರೆಸಿಯೇ ಕಳಿಸುತ್ತಿದ್ದೆನಂತೆ. ನನಗೆ ಅದು ಗೊತ್ತೇ ಇರಲಿಲ್ಲ ಶೈಲಾ. ನಾನು ಹಚ್ಚುತ್ತಿದ್ದೇನೆಂದೇ ತಿಳಿದಿದ್ದೆ.